ಬಿಳಿ ಬೋರ್ಡ್ ಕಾರಲ್ಲಿ ಪೂಲ್ ಮಾಡಿಕೊಂಡು ಬರುವಾಗ ಅಪಘಾತ: ತಮ್ಮನ ಆಸ್ಪತ್ರೆ ಖರ್ಚು ಯಾರ ತಲೆಗೆ?

ಹೇಮಾವತಿ ದಂಡೆ:
ಎಲ್ಲರಿಗೂ ನಮಸ್ಕಾರ. ನಾನು ಹಾಸನದವಳು. ವಿಷಯ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಪೂರ್ತಿ ಓದಿ.

ನನ್ನ ತಮ್ಮನಿಗೆ 27 ವರ್ಷ. ಬೆಂಗಳೂರಲ್ಲಿ ವೈರಿಂಗ್ ಕೆಲಸದ ಸೂಪರ್‌ವೈಸರ್, ತಿಂಗಳಿಗೆ 25 ಸಾವಿರ ಸಂಬಳ. ಹೋದ ಶುಕ್ರವಾರ ರಾತ್ರಿ ಬಸ್ಸಲ್ಲಿ ಸೀಟಿಲ್ಲ ಅಂತ ಕಾರ್ ಪೂಲ್ ಆ್ಯಪ್ ಒಂದರಲ್ಲಿ ಬುಕ್ ಮಾಡಿ ಗೊರಗುಂಟೆಪಾಳ್ಯದಲ್ಲಿ ಹತ್ತಿದ್ದಾನೆ. ಕಾರಿನವರಿಗೆ 450 ರೂಪಾಯಿ ಯುಪಿಐನಲ್ಲಿ ಹಾಕಿದ್ದಾನೆ. ಹಿರೀಸಾವೆ ಹತ್ತಿರ ಹೆದ್ದಾರಿಯಲ್ಲಿ ಕೆಟ್ಟು ನಿಂತಿದ್ದ ಲಾರಿಗೆ ಕಾರು ಹಿಂದಿನಿಂದ ಗುದ್ದಿದೆ. ಲಾರಿ ಅರ್ಧ ರಸ್ತೆ ಮೇಲೇ ಇತ್ತಂತೆ. ಪಾರ್ಕಿಂಗ್ ಲೈಟಿಲ್ಲ, ರಿಫ್ಲೆಕ್ಟರ್ ಇಲ್ಲ, ಹಿಂದೆ ಒಂದು ಸೊಪ್ಪಿನ ಕೊಂಬೆ ಕೂಡ ಹಾಕಿರಲಿಲ್ಲ. ತಮ್ಮ ಮುಂದಿನ ಸೀಟಲ್ಲಿ ಎಡಕ್ಕೆ ಕೂತಿದ್ದ. ತೊಡೆ ಮೂಳೆ ಮುರಿದು ರಾಡ್ ಹಾಕಿದ್ದಾರೆ, ಭುಜಕ್ಕೂ ಪೆಟ್ಟಾಗಿದೆ. ಇವತ್ತು ಮಂಗಳವಾರ, ಬಿಲ್ ಆಗಲೇ 1.8 ಲಕ್ಷ. 3 ಲಕ್ಷ ದಾಟುತ್ತೆ ಅಂತಿದ್ದಾರೆ.

ಈಗ ಮೂರು ತಲೆನೋವು. ಕಾರಿನ ಓನರ್ರೇ ಓಡಿಸುತ್ತಿದ್ದದ್ದು. ಅವರು ದಿನಾ ಆಸ್ಪತ್ರೆಗೆ ಬಂದು "ಪೊಲೀಸರ ಹತ್ರ ನಾವು ಫ್ರೆಂಡ್ಸ್ ಅಂತ ಹೇಳಿಬಿಡಿ, ದುಡ್ಡು ಕೊಟ್ಟೆ ಅಂದ್ರೆ ಇನ್ಶೂರೆನ್ಸ್ ಹೋಗುತ್ತೆ, ನಾನು ಮನೆ ಮಾರಬೇಕಾಗುತ್ತೆ" ಅಂತ ಕಣ್ಣೀರು ಹಾಕುತ್ತಾರೆ. ಇನ್ನೊಬ್ಬರು ಇನ್ಶೂರೆನ್ಸ್ ಕಡೆಯವರು ಅಂತ ವಾರ್ಡಿಗೇ ಬಂದು, ಎರಡೂವರೆ ಲಕ್ಷ ಬೇಗ ಕೊಡಿಸ್ತೀವಿ, ಇಲ್ಲಿ ಸೈನ್ ಮಾಡಿ ಅಂದರು. ಆ್ಯಪ್‌ನವರಿಗೆ ಮೇಲ್ ಹಾಕಿದರೆ "ನಾವು ಬರೀ ವೇದಿಕೆ, ಪ್ರಯಾಣಕ್ಕೆ ಜವಾಬ್ದಾರರಲ್ಲ" ಅಂತ ಎರಡು ಸಾಲಿನ ಉತ್ತರ. ಎಫ್‌ಐಆರ್ ಕಾರಿನವರ ಮೇಲೆ ಆಗಿದೆ. ತಮ್ಮನ ಹೇಳಿಕೆ ಇನ್ನೂ ತಗೊಂಡಿಲ್ಲ, ನಾಳೆ ಬರ್ತಾರಂತೆ. ಏನು ಹೇಳಬೇಕು?

ಹಳದಿ ಬೋರ್ಡ್:
ಅಕ್ಕಾ, ತಮ್ಮ ಬೇಗ ಹುಷಾರಾಗಲಿ. ಆದರೆ ಹೊಟ್ಟೆ ಉರಿಯುತ್ತೆ, ಹೇಳಿಬಿಡ್ತೀನಿ. ನಾನು ಹಾಸನದಲ್ಲಿ ಟ್ಯಾಕ್ಸಿ ಓಡಿಸೋನು. ನಾವು ಪರ್ಮಿಟ್ ಕಟ್ಟಬೇಕು, ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನೋ ಸರ್ಟಿಫಿಕೇಟ್) ಮಾಡಿಸಬೇಕು, ಪ್ಯಾಸೆಂಜರ್ ಲೆಕ್ಕದಲ್ಲಿ ಜಾಸ್ತಿ ಪ್ರೀಮಿಯಂ ಕಟ್ಟಬೇಕು. ಬಿಳಿ ಬೋರ್ಡಿನವರು ಶುಕ್ರವಾರ ಸಂಜೆ ನಾಲ್ಕು ಸೀಟು ತುಂಬಿಸಿಕೊಂಡು ನಮ್ಮ ಮುಂದೆನೇ ಹೋಗ್ತಾರೆ. ಏನಾದರೂ ಆದರೆ ಎಲ್ಲರೂ ಫ್ರೆಂಡ್ಸ್!

ಸಂತೆಪೇಟೆ ಸಿಂಹ:
ಮೇಡಂ ಸಿಂಪಲ್. ಬಿಳಿ ಬೋರ್ಡಲ್ಲಿ ಬಾಡಿಗೆ ಹೊಡೆದರೆ ಇನ್ಶೂರೆನ್ಸ್ ಜೀರೋ. ಒಂದು ಪೈಸೆ ಬರಲ್ಲ. ಓನರ್ ಹೇಳಿದ ಹಾಗೆ ಫ್ರೆಂಡ್ ಅನ್ನಿ, ಕ್ಲೇಮು ಸಲೀಸು. ಎಲ್ಲರೂ ಮಾಡೋದು ಅದನ್ನೇ. ಇಲ್ಲಾ ಅಂದ್ರೆ ಓನರ್ ಹತ್ರ ಸಿಕ್ಕಷ್ಟು ಕೈಗೆ ತಗೊಂಡು ರಾಜಿ ಮಾಡ್ಕೊಳ್ಳಿ. ಕೋರ್ಟು ಅಂದ್ರೆ ಚಪ್ಪಲಿ ಸವೆಯುತ್ತೆ.

ಹಳೇ ಗುಮಾಸ್ತ:
ನಾನು ವಕೀಲನಲ್ಲ. ವಕೀಲರ ಆಫೀಸಲ್ಲಿ ಎಂ.ವಿ.ಸಿ. (ವಾಹನ ಅಪಘಾತ ಪರಿಹಾರದ ಕೇಸು) ಫೈಲು ಹೊತ್ತು ಕೂದಲು ಬೆಳ್ಳಗಾದವನು. ಹಾಗಾಗಿ ಇದನ್ನು ಓದಿ, ಆಮೇಲೆ ಒಬ್ಬ ವಕೀಲರನ್ನು ಕಂಡೇ ಕಾಣಿ.

ಸಿಂಹದವರ ಮಾತಲ್ಲಿ ಕಾಲು ಭಾಗ ನಿಜ, ಮುಕ್ಕಾಲು ಭಾಗ ಅಪಾಯ. ಎಲ್ಲರೂ ಕಾರಿನ ಇನ್ಶೂರೆನ್ಸ್ ಒಂದನ್ನೇ ನೋಡುತ್ತಿದ್ದೀರಿ. ಲಾರಿ ಎಲ್ಲಿ ಹೋಯ್ತು? ನಿಮ್ಮ ತಮ್ಮ ಕಾರು ಓಡಿಸುತ್ತಿರಲಿಲ್ಲ, ಲಾರಿ ನಿಲ್ಲಿಸಿದವನೂ ಅಲ್ಲ. ಅವನ ಕಡೆ ತಪ್ಪೇ ಇಲ್ಲ. ಎರಡು ವಾಹನದ ತಪ್ಪು ಸೇರಿ ಮೂರನೆಯವನಿಗೆ ಪೆಟ್ಟಾದರೆ, ಆ ಇಬ್ಬರಲ್ಲಿ ಯಾರಿಂದ ಬೇಕಾದರೂ ಪೂರ್ತಿ ಪರಿಹಾರ ಕೇಳಬಹುದು ಅಂತ ಸುಪ್ರೀಂ ಕೋರ್ಟ್ 2015ರ ಖೇನ್ಯೇಯಿ ಕೇಸಿನಲ್ಲಿ ಸ್ಪಷ್ಟವಾಗಿ ಹೇಳಿದೆ. ಯಾರ ಪಾಲು ಎಷ್ಟು ಅನ್ನೋದು ಅವರವರ ಜಗಳ. ರಸ್ತೆ ಮೇಲೆ ಅಪಾಯ ಆಗುವ ಹಾಗೆ ಗಾಡಿ ನಿಲ್ಲಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 122ನೇ ಸೆಕ್ಷನ್ನೇ ಇದೆ.

ಲಾರಿಯ ಲೆಕ್ಕದಲ್ಲಿ ನಿಮ್ಮ ತಮ್ಮ ಹೊರಗಿನವನು, ಅಂದರೆ ಥರ್ಡ್ ಪಾರ್ಟಿ. ಅವನು ಕಾರಿಗೆ ದುಡ್ಡು ಕೊಟ್ಟಿದ್ದರೂ ಅಷ್ಟೇ, ಕೊಡದಿದ್ದರೂ ಅಷ್ಟೇ. ಲಾರಿಯ ಇನ್ಶೂರೆನ್ಸ್ ಕಂಪನಿ "ನೀನು ಫ್ರೆಂಡಾ, ಗಿರಾಕಿನಾ" ಅಂತ ಕೇಳಿ ಜಾರಿಕೊಳ್ಳೋಕೆ ಆಗಲ್ಲ.

ಹಾಗಾಗಿ ಮೊದಲ ಕೆಲಸ: ಲಾರಿ ನಂಬರ್ ಹಿಡಿಯಿರಿ. ಸರ್ಕಾರದ ಎಂ-ಪರಿವಾಹನ್ ಆ್ಯಪ್‌ನಲ್ಲಿ ಹಾಕಿದರೆ ಯಾವ ಕಂಪನಿ ಪಾಲಿಸಿ, ಯಾವತ್ತಿನವರೆಗೆ ಅಂತ ತೋರಿಸುತ್ತೆ. ಎರಡನೆಯದು, ಕಾರಿನ ಪಾಲಿಸಿಯ ಪ್ರತಿ ತರಿಸಿ ಇಲ್ಲಿ ಹಾಕಿ. ನಂಬರು, ಹೆಸರು ಮುಚ್ಚಿ ಹಾಕಿ.

ಸಂತೆಪೇಟೆ ಸಿಂಹ:
ಲಾರಿ ನಿಂತಿತ್ತು ಸಾರ್. ನಿಂತ ಗಾಡಿಗೆ ಗುದ್ದಿದವನದ್ದೇ ತಪ್ಪು. ಎಫ್‌ಐಆರ್ ಕೂಡ ಕಾರಿನವನ ಮೇಲೇ ಇದೆ, ಓದಿದ್ರಾ?

ಹಳೇ ಗುಮಾಸ್ತ:
ಓದಿದೆ. ಎಫ್‌ಐಆರ್ ಅನ್ನೋದು ಶುರು, ತೀರ್ಪಲ್ಲ. ಟ್ರಿಬ್ಯುನಲ್ (ಅಪಘಾತ ಪರಿಹಾರ ತೀರ್ಮಾನಿಸುವ ಕೋರ್ಟು) ತನ್ನದೇ ಸಾಕ್ಷಿ ನೋಡಿ ಯಾರ ತಪ್ಪು ಎಷ್ಟು ಅಂತ ತೀರ್ಮಾನ ಮಾಡುತ್ತೆ. ಅಲ್ಲಿ ಎಲ್ಲಕ್ಕಿಂತ ಮುಖ್ಯವಾಗೋದು ಸ್ಥಳ ಮಹಜರು, ಅದರ ಜೊತೆ ಇರುವ ಕೈ ನಕ್ಷೆ. ಮೇಡಂ, ಆ ನಕ್ಷೆ ಸಾಮಾನ್ಯವಾಗಿ ಒಂದೇ ಹಾಳೆ. ಎರಡು ಗೆರೆ ಎಳೆದು ರಸ್ತೆ, ಒಂದು ಚೌಕ ಲಾರಿ, ಒಂದು ಚೌಕ ಕಾರು, ಡಾಂಬರಿನ ಅಗಲ ಎಷ್ಟು ಅಡಿ, ಲಾರಿಯ ಚಕ್ರ ಅಂಚಿನಿಂದ ಎಷ್ಟು ಅಡಿ ಒಳಗೆ ಅಂತ ಬರೆದಿರುತ್ತಾರೆ. ಲಾರಿ ಪೂರ್ತಿ ಮಣ್ಣಿನ ಮೇಲಿತ್ತು ಅಂತ ಬರೆದುಬಿಟ್ಟರೆ ಕೇಸು ಬೇರೆ. ಅರ್ಧ ಡಾಂಬರಿನ ಮೇಲಿತ್ತು ಅಂತ ಇದ್ದರೆ ಕೇಸು ಬೇರೆ. ಜೊತೆಗಿದ್ದ ಪ್ರಯಾಣಿಕರು ಯಾರಾದರೂ ಆ ರಾತ್ರಿ ಫೋಟೋ ತೆಗೆದಿದ್ದರೆ ಅದು ಚಿನ್ನ. ಇವತ್ತೇ ತರಿಸಿಕೊಳ್ಳಿ, ನಾಳೆ ಹೇಳಿಕೆ ಕೊಡುವಾಗ ಲಾರಿ ಎಲ್ಲಿತ್ತು, ಲೈಟ್ ಇತ್ತಾ ಅನ್ನೋದನ್ನು ತಮ್ಮ ತಾನು ಕಂಡಷ್ಟು ಹೇಳಲಿ. ಕಂಡಿಲ್ಲ ಅಂದರೆ ಕಂಡಿಲ್ಲ ಅನ್ನಲಿ.

ರಾತ್ರಿ ಬಸ್:
ನಾನು ಇದಕ್ಕೇ ಕೆಂಪು ಬಸ್ಸಲ್ಲಿ ನಿಂತುಕೊಂಡಾದರೂ ಬರ್ತೀನಿ. ಕೆಎಸ್‌ಆರ್‌ಟಿಸಿ ಬಸ್ ಅಪಘಾತದಲ್ಲಿ ಪ್ರಯಾಣಿಕ ತೀರಿಕೊಂಡರೆ ನಿಗಮದ ಪರಿಹಾರ ನಿಧಿಯಿಂದ ಕೊಡೋದನ್ನ 2024ರ ಜನವರಿಯಿಂದ 3 ಲಕ್ಷದಿಂದ 10 ಲಕ್ಷಕ್ಕೆ ಏರಿಸಿದ್ದಾರೆ. ಸತ್ತ ಮೇಲಿನ ಮಾತು ಬಿಡಿ, ಆದ್ರೂ.

ಹೇಮಾವತಿ ದಂಡೆ:
ಎಲ್ಲರಿಗೂ ಥ್ಯಾಂಕ್ಸ್. ಹಿಂದಿನ ಸೀಟಲ್ಲಿದ್ದ ಹುಡುಗಿ ಹತ್ರ ಎರಡು ಫೋಟೋ, ಒಂದು ವಿಡಿಯೋ ಇದೆ. ಅವಳಿಗೂ ಕೈಗೆ ಪೆಟ್ಟು. ವಿಡಿಯೋದಲ್ಲಿ ಲಾರಿಯ ಬಲಗಡೆ ಚಕ್ರ ಬಿಳಿ ಗೆರೆ ದಾಟಿ ಡಾಂಬರಿನ ಮೇಲಿರೋದು ಕಾಣುತ್ತೆ. ನಂಬರೂ ಕಾಣುತ್ತೆ. ಕಾರಿನ ಪಾಲಿಸಿ ಕೇಳಿದ್ದಕ್ಕೆ ಓನರ್ ಮೊದಲು ಯಾಕೆ ಅಂದರು, ಆಮೇಲೆ ವಾಟ್ಸಾಪ್ ಮಾಡಿದರು. ಕೆಳಗೆ ಹಾಕಿದ್ದೀನಿ. ನನಗೆ ಇಂಗ್ಲಿಷ್ ಓದೋಕೆ ಬರುತ್ತೆ, ಆದರೆ ಇದು ಯಾವ ಇಂಗ್ಲಿಷೋ ದೇವರಿಗೇ ಗೊತ್ತು.

ಆದರೆ ಫ್ರೆಂಡ್ ಅನ್ನೋದರ ಬಗ್ಗೆ ಯಾರೂ ನೇರ ಹೇಳಲಿಲ್ಲ. ಓನರ್ ಕೆಟ್ಟವರಲ್ಲ. ಅಪಘಾತ ಆದ ರಾತ್ರಿ ತಮ್ಮನನ್ನ ಆಂಬುಲೆನ್ಸಿಗೆ ಹತ್ತಿಸಿದ್ದು ಅವರೇ, ತಮ್ಮದೇ ತಲೆಯಲ್ಲಿ ರಕ್ತ ಇಟ್ಟುಕೊಂಡು. ಅಪ್ಪ ಅಮ್ಮ ಇಬ್ಬರೂ ಪಾಪ ಹೇಳಿಬಿಡೋಣ ಅಂತಿದ್ದಾರೆ.

ಪ್ರೀಮಿಯಂ ಅಕ್ಕ:
ನಾನು ಇನ್ಶೂರೆನ್ಸ್ ಆಫೀಸಲ್ಲಿ ಕೆಲಸ ಮಾಡ್ತೀನಿ, ಯಾವುದು ಅಂತ ಕೇಳಬೇಡಿ. ಪಾಲಿಸಿ ನೋಡಿದೆ. ಎಲ್ಲರೂ ಒಂದು ನಿಮಿಷ ಇಲ್ಲಿ ನೋಡಿ.

ಕಾರು ಹೊಸದಾಗಿ ತಗೊಂಡಾಗ ಮೂರು ವರ್ಷದ ಥರ್ಡ್ ಪಾರ್ಟಿ, ಒಂದು ವರ್ಷದ ಓನ್ ಡ್ಯಾಮೇಜ್ (ಸ್ವಂತ ಕಾರಿನ ಹಾನಿಗೆ) ಸೇರಿಸಿ ಕೊಟ್ಟಿದ್ದಾರೆ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಕಡ್ಡಾಯ, ಅದಕ್ಕೇ ಹೀಗೆ. ಈ ಕಾರಿನ ಮೊದಲ ವರ್ಷ ಮುಗಿದಿದೆ. ಓನ್ ಡ್ಯಾಮೇಜ್ ಭಾಗ ರಿನ್ಯೂ ಮಾಡಿಸಿಲ್ಲ. ಹಾಳೆ ಮೇಲೆ ಮೂರು ವರ್ಷ ಅಂತ ದಪ್ಪಕ್ಷರದಲ್ಲಿ ಇರೋದು ನೋಡಿ ಜನ ಇನ್ನೂ ಇನ್ಶೂರೆನ್ಸ್ ಇದೆ ಅಂದುಕೊಂಡು ಓಡಾಡ್ತಾರೆ. ನಮ್ಮ ಕೌಂಟರಿಗೆ ಬರೋರಲ್ಲಿ ಇದು ಮಾಮೂಲಿ.

ಅಂದರೆ ಅಪಘಾತದ ದಿನ ಕಾರಿಗೆ ಇದ್ದದ್ದು ಬರೀ ಥರ್ಡ್ ಪಾರ್ಟಿ. ಈಗ ಫ್ರೆಂಡ್ ಕಥೆಗೆ ಬನ್ನಿ. ಖಾಸಗಿ ಕಾರಿಗೆ ಪ್ಯಾಕೇಜ್ ಪಾಲಿಸಿ (ಥರ್ಡ್ ಪಾರ್ಟಿ, ಓನ್ ಡ್ಯಾಮೇಜ್ ಎರಡೂ ಸೇರಿದ್ದು) ಇದ್ದರೆ ಒಳಗೆ ಕೂತವರಿಗೆ ರಕ್ಷಣೆ ಇದೆ ಅಂತ ಸುಪ್ರೀಂ ಕೋರ್ಟ್ 2013ರ ಬಾಲಕೃಷ್ಣನ್ ಕೇಸಿನಲ್ಲಿ ಹೇಳಿದೆ. ಬರೀ ಆ್ಯಕ್ಟ್ ಪಾಲಿಸಿ (ಥರ್ಡ್ ಪಾರ್ಟಿ ಮಾತ್ರ) ಇದ್ದರೆ ಪುಕ್ಕಟೆ ಕೂತು ಬಂದವರಿಗೆ ಇಲ್ಲ ಅಂತ 2006ರ ತಿಲಕ್ ಸಿಂಗ್ ಕೇಸಿನಿಂದಲೂ ಕಂಪನಿಗಳು ವಾದಿಸ್ತಾನೇ ಬಂದಿವೆ. ಕಡ್ಡಾಯ ವಿಮೆ ಯಾರಿಗೆಲ್ಲ ಅಂತ ಹೇಳುವ ಸೆಕ್ಷನ್ 147ರ ಪದಗಳು ತಿದ್ದುಪಡಿಯಲ್ಲಿ ಬದಲಾಗಿವೆ, ಅದನ್ನು ಹಿಡಿದು ನಿಮ್ಮ ವಕೀಲರು ವಾದ ಮಾಡಬಹುದು. ಆದರೆ ಗಮನಿಸಿ: ಸಿಂಹದವರು ಹೇಳಿದ ಹಾಗೆ ಫ್ರೆಂಡ್ ಅಂತ ಸುಳ್ಳು ಹೇಳಿದರೆ, ಈ ಪಾಲಿಸಿಯಲ್ಲಿ ಅದರಿಂದ ನಿಮಗೆ ಲಾಭವೇ ಇಲ್ಲ. "ಪುಕ್ಕಟೆ ಪ್ರಯಾಣಿಕ, ಕವರ್ ಇಲ್ಲ" ಅಂತ ಕಂಪನಿ ಹೇಳೋಕೆ ನೀವೇ ದಾರಿ ಮಾಡಿಕೊಟ್ಟ ಹಾಗೆ.

ಗೊರೂರು ಗಾಳಿ:
ಅಯ್ಯೋ! ಹಾಗಾದರೆ ಓನರ್ ಯಾಕೆ ಅಷ್ಟು ಅಂಗಲಾಚ್ತಿದ್ದಾರೆ?

ಪ್ರೀಮಿಯಂ ಅಕ್ಕ:
ಅವರಿಗೂ ತಮ್ಮ ಪಾಲಿಸಿ ಏನು ಅಂತ ಗೊತ್ತಿರಲಿಕ್ಕಿಲ್ಲ. ಅವರ ಹೆದರಿಕೆ ಬೇರೆ. ಖಾಸಗಿ ಕಾರಿನ ಪಾಲಿಸಿಯಲ್ಲಿ "ಲಿಮಿಟೇಷನ್ಸ್ ಆ್ಯಸ್ ಟು ಯೂಸ್" ಅಂತ ಒಂದು ಕಲಂ ಇರುತ್ತೆ. ಸಣ್ಣಕ್ಷರ, ಯಾರೂ ಓದಲ್ಲ. ಬಾಡಿಗೆಗೆ ಓಡಿಸುವ ಹಾಗಿಲ್ಲ, ಸಾಮಾನು ಸಾಗಿಸುವ ಹಾಗಿಲ್ಲ, ರೇಸಿಗೆ ಬಿಡುವ ಹಾಗಿಲ್ಲ ಅಂತ ಅದರಲ್ಲಿ ಬರೆದಿರುತ್ತೆ. ದುಡ್ಡು ತಗೊಂಡು ಜನ ಕೂರಿಸಿದ್ದು ಗೊತ್ತಾದರೆ ಕಂಪನಿ ಇದನ್ನೇ ಎತ್ತಿ ತೋರಿಸುತ್ತೆ.

ಗೊತ್ತಾಗಲ್ಲ ಅಂದುಕೊಳ್ಳಬೇಡಿ. ಕಂಪನಿ ತನಿಖೆಗೆ ಬರುವವರು ಮೊದಲು ಕೇಳೋದೇ "ಒಂದೇ ಕಾರಲ್ಲಿದ್ದ ನಾಲ್ವರಿಗೆ ಒಬ್ಬರ ಮನೆ ಇನ್ನೊಬ್ಬರಿಗೆ ಗೊತ್ತಾ?" ಅಂತ. ಒಬ್ಬ ಅರಸೀಕೆರೆ, ಒಬ್ಬಳು ಬೇಲೂರು, ಇನ್ನೊಬ್ಬ ಮಂಗಳೂರು. ಫೋನಲ್ಲಿ ಅಪಘಾತಕ್ಕೆ ಮುಂಚೆ ಒಂದೇ ಒಂದು ಕರೆ, ಅದೂ "ಎಲ್ಲಿ ನಿಂತಿದ್ದೀರಿ" ಅಂತ. ಮೇಲೆ ಯುಪಿಐ 450. ಆ್ಯಪ್‌ನಲ್ಲಿ ಬುಕಿಂಗ್. ಯಾವ ಫ್ರೆಂಡ್‌ಶಿಪ್ಪು ಉಳಿಯುತ್ತೆ ಹೇಳಿ? ಒಂದು ಸುಳ್ಳು ಸಿಕ್ಕರೆ ಲಾರಿ ಬಗ್ಗೆ ಹೇಳಿದ ನಿಜವನ್ನೂ ಎದುರು ವಕೀಲರು ಅದೇ ಬುಟ್ಟಿಗೆ ಹಾಕ್ತಾರೆ.

ಹಳೇ ಗುಮಾಸ್ತ:
ಅಕ್ಕ ಹೇಳಿದ್ದಕ್ಕೆ ನನ್ನದೊಂದು ಸೇರ್ಪಡೆ. ದುಡ್ಡು ಕೊಟ್ಟು ಬಂದೆ ಅಂದರೆ ಕಾರಿನ ಕಂಪನಿ ಕೈ ತೊಳೆದುಕೊಂಡು ಹೋಗಿಬಿಡುತ್ತೆ ಅಂತಲೂ ಇಲ್ಲ. ಪರ್ಮಿಟ್ ಇಲ್ಲದ ವಾಹನದ ವಿಷಯದಲ್ಲಿ, ಕಂಪನಿ ಮೊದಲು ಗಾಯಾಳುವಿಗೆ ಕೊಡಲಿ, ಆಮೇಲೆ ಓನರ್ ಹತ್ರ ವಸೂಲಿ ಮಾಡಿಕೊಳ್ಳಲಿ ಅಂತ 2018ರ ಅಮೃತ್ ಪಾಲ್ ಸಿಂಗ್ ಕೇಸಿನಲ್ಲಿ ಆದೇಶ ಆಗಿದೆ. ಕೋರ್ಟ್ ಬೀದಿಯಲ್ಲಿ ಇದಕ್ಕೆ "ಪೇ ಅಂಡ್ ರಿಕವರಿ" ಅಂತಲೇ ಹೆಸರು. ಪ್ರತಿ ಕೇಸಲ್ಲೂ ಸಿಗುತ್ತೆ ಅನ್ನೋ ಗ್ಯಾರಂಟಿ ಇಲ್ಲ, ಅದರಲ್ಲೂ ಒಳಗೆ ಕೂತವರ ವಿಷಯದಲ್ಲಿ ಕಂಪನಿ ಜೋರಾಗಿ ಜಗಳ ಆಡುತ್ತೆ. ಅದಕ್ಕೇ ನಾನು ಲಾರಿ, ಲಾರಿ ಅಂತ ಬಡಕೊಳ್ಳೋದು.

ಓನರ್ ಒಳ್ಳೆಯವರೇ ಇರಬಹುದು. ಆದರೆ ಅವರಿಗೆ ನಿಜವಾಗಿ ಸಹಾಯ ಆಗೋದೂ ಲಾರಿಯ ತಪ್ಪು ದಾಖಲಾದರೆ. ಆಗ ಅವರ ಪಾಲು ಕಮ್ಮಿ ಆಗುತ್ತೆ. ಇದನ್ನು ಅವರಿಗೆ ಬಿಡಿಸಿ ಹೇಳಿ, ಅತ್ತು ಕರೆಯೋದು ನಿಲ್ಲಿಸಬಹುದು.

ಗಿರಿಶ್ರೇಣಿ:
ಚಿಕ್ಕಮಗಳೂರಿಂದ. ಮಾರಾಯ್ರೆ, ಎರಡನೇ ತಲೆನೋವಿನ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ. ವಾರ್ಡಿಗೆ ಬಂದು ಸೈನ್ ಕೇಳಿದವನು! ಸೈನ್ ಹಾಕಬೇಡಿ. ನಮ್ಮ ಚಿಕ್ಕಪ್ಪನ ಮಗನಿಗೆ ಚಾರ್ಮಾಡಿ ಘಾಟಿಯಲ್ಲಿ ಜೀಪು ಮಗುಚಿದಾಗಲೂ ಹೀಗೇ ಒಬ್ಬ ಬಂದಿದ್ದ. ಖಾಲಿ ಹಾಳೆ, ಕೆಳಗೆ ಪೆನ್ಸಿಲಲ್ಲಿ ಗುಣಿಸು ಚಿಹ್ನೆ, ಇಲ್ಲಿ ಹಾಕಿ ಸಾರ್ ಅಂತ. ಚಿಕ್ಕಮ್ಮ ಹಾಳೆ ಕಿತ್ತುಕೊಂಡು ಆಚೆ ಕಳಿಸಿದರು.

ಪ್ರೀಮಿಯಂ ಅಕ್ಕ:
ಗಿರಿಶ್ರೇಣಿ ಸರಿಯಾಗಿ ಹೇಳಿದರು. ಆ ಎರಡೂವರೆ ಲಕ್ಷ ಎಲ್ಲಿಂದ ಬಂತು ಅಂತ ಹೇಳ್ತೀನಿ. ಸೆಕ್ಷನ್ 164ರಲ್ಲಿ ತಪ್ಪು ಯಾರದ್ದು ಅಂತ ಸಾಬೀತು ಮಾಡದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ಕೊಡುವ ದಾರಿ ಇದೆ. 2022ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ದಿಕ್ಕಿಲ್ಲದ ಕೇಸಿಗೆ ಒಳ್ಳೆಯದೇ. ಆದರೆ ಸೆಕ್ಷನ್ 149ರ ವಿಧಾನದಲ್ಲಿ ಆ ಹಣ ಒಪ್ಪಿಕೊಂಡರೆ ಸೆಕ್ಷನ್ 166ರ ಕ್ಲೇಮು ಅರ್ಜಿ ಅಲ್ಲಿಗೇ ಬಿದ್ದುಹೋಗುತ್ತೆ. ನಿಮ್ಮ ಆಸ್ಪತ್ರೆ ಬಿಲ್ಲೇ 3 ಲಕ್ಷ. ಲೆಕ್ಕ ನೀವೇ ಹಾಕಿ.

ಇನ್ನೊಂದು, ಕಾನೂನು ಪ್ರಕಾರ ಕಂಪನಿಯ ನೇಮಿತ ಅಧಿಕಾರಿ ಬರವಣಿಗೆಯಲ್ಲಿ ಆಫರ್ ಕೊಡಬೇಕು, ನೀವು ಒಪ್ಪಿದರೆ ಅದು ಟ್ರಿಬ್ಯುನಲ್ ಮುಂದೆ ದಾಖಲಾಗಬೇಕು. ಮಂಚದ ಪಕ್ಕ ನಿಂತು ಪೆನ್ನು ಕೊಡೋದು ಆ ವಿಧಾನ ಅಲ್ಲ. ಅವರ ಗುರುತಿನ ಚೀಟಿ ಫೋಟೋ ತೆಗೆದುಕೊಂಡ್ರಾ?

ಹೇಮಾವತಿ ದಂಡೆ:
ಗುರುತಿನ ಚೀಟಿ ಕೇಳಿದ್ದಕ್ಕೆ "ಕಾರಲ್ಲಿದೆ, ತರ್ತೀನಿ" ಅಂತ ಹೋದವರು ಬರಲೇ ಇಲ್ಲ! ಸೈನ್ ಹಾಕಿಲ್ಲ.

ಹಳದಿ ಬೋರ್ಡ್:
ಅಕ್ಕಾ ಇನ್ನೊಂದು ಮುಖ್ಯ. ಶುಕ್ರವಾರ ರಾತ್ರಿ ಆಗಿದ್ದು, ಇವತ್ತು ಮಂಗಳವಾರ ಅಂದ್ರಿ. ಕೇಂದ್ರದ ನಗದುರಹಿತ ಚಿಕಿತ್ಸೆ ಯೋಜನೆ ಇದೆಯಲ್ಲ, 2025ರ ಮೇ ತಿಂಗಳಲ್ಲಿ ಬಂದಿದ್ದು. ಅಪಘಾತ ಆದ ದಿನದಿಂದ 7 ದಿನದವರೆಗೆ 1.5 ಲಕ್ಷದ ತನಕ. ಗಾಡಿ ಯಾವ ಬೋರ್ಡು, ತಪ್ಪು ಯಾರದ್ದು ಅಂತ ಅದರಲ್ಲಿ ಕೇಳಲ್ಲ. ಆಸ್ಪತ್ರೆ ಪಟ್ಟಿಯಲ್ಲಿ ಇರಬೇಕು, ಪೊಲೀಸರು ಇದು ರಸ್ತೆ ಅಪಘಾತ ಅಂತ ಖಚಿತ ಮಾಡಬೇಕು. ಈಗಲೇ ಹೋಗಿ ಕೇಳಿ, ಇನ್ನೂ ದಿನ ಇದೆ. ನಮ್ಮ ಸ್ಟ್ಯಾಂಡಿನ ಹುಡುಗರಿಗೆಲ್ಲ ಇದನ್ನ ಹೇಳಿಕೊಟ್ಟಿದ್ದೀವಿ.

ಹೇಮಾವತಿ ದಂಡೆ:
ಹಳದಿ ಬೋರ್ಡ್ ಅಣ್ಣ, ನೀವು ಹೇಳಿದ ತಕ್ಷಣ ಕೆಳಗೆ ಹೋದೆ. ಡೆಸ್ಕಲ್ಲಿದ್ದ ಹುಡುಗ ಅಂಥದ್ದು ಯಾವುದೂ ಇಲ್ಲ ಅಂದ. ಫೋನಲ್ಲಿ ಯೋಜನೆಯ ಪುಟ ತೆಗೆದು ಮುಂದೆ ಹಿಡಿದೆ. ಒಳಗೆ ಹೋಗಿ ಯಾರನ್ನೋ ಕೇಳಿಕೊಂಡು ಬಂದು "ಹೌದು ಮೇಡಂ, ನಮ್ಮದು ಪಟ್ಟಿಯಲ್ಲಿದೆ, ಠಾಣೆಯಿಂದ ಕನ್ಫರ್ಮ್ ಆಗಬೇಕು" ಅಂದ. ನಾಲ್ಕು ದಿನದಿಂದ ಅದೇ ಡೆಸ್ಕಿಗೆ ದುಡ್ಡು ಕಟ್ಟುತ್ತಿದ್ದೀವಿ ನಾವು, ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಅಪ್ಪ ಈಗ ಠಾಣೆಗೆ ಹೊರಟಿದ್ದಾರೆ.

ಗಿರಿಶ್ರೇಣಿ:
ಬಿಲ್ ವಿಷಯ. ಮೆಡಿಕಲ್ ಶಾಪಿನ ಬಿಲ್ಲು ತೆಳು ಹಾಳೆ, ನುಣುಪಾಗಿರುತ್ತಲ್ಲ, ಅದರ ಅಕ್ಷರ ಕೆಲವೇ ತಿಂಗಳಲ್ಲಿ ಅಳಿಸಿಹೋಗುತ್ತೆ. ನಮ್ಮ ಕೇಸಲ್ಲಿ ಕೋರ್ಟಿಗೆ ಕೊಡೋ ಹೊತ್ತಿಗೆ ಅರ್ಧ ಬಿಲ್ಲು ಬೋಳು ಬಿಳಿ ಹಾಳೆ. ದಿನಾ ಸಂಜೆ ಜೆರಾಕ್ಸ್ ಮಾಡಿಸಿ, ಒರಿಜಿನಲ್ ಜೊತೆ ಪಿನ್ ಹೊಡೆದಿಡಿ. ಊಟ, ಆಟೋ, ಆಸ್ಪತ್ರೆಯಲ್ಲಿ ಜೊತೆಗೆ ಇರೋರ ಖರ್ಚು ಎಲ್ಲಾ ಬರೆದಿಡಿ, ಅದಕ್ಕೂ ಪರಿಹಾರ ಕೇಳಬಹುದು.

ಸಂತೆಪೇಟೆ ಸಿಂಹ:
ಸರಿ, ಲಾರಿ ಬಗ್ಗೆ ಒಪ್ಪಿದೆ. ಆದರೆ ಎಷ್ಟು ಬರುತ್ತೆ ಅಂತ ಯಾರಾದರೂ ಹೇಳಿ ನೋಡೋಣ. ಸುಮ್ನೆ ಸೆಕ್ಷನ್ ನಂಬರ್ ಹೇಳ್ತಾ ಕೂತ್ರೆ ಬಿಲ್ ಕಟ್ಟೋಕಾಗುತ್ತಾ?

ಹಳೇ ಗುಮಾಸ್ತ:
ನ್ಯಾಯವಾದ ಪ್ರಶ್ನೆ. ನಿಖರವಾಗಿ ಯಾರೂ ಹೇಳೋಕಾಗಲ್ಲ, ಲೆಕ್ಕ ಹಾಕುವ ರೀತಿ ಹೇಳ್ತೀನಿ.

ಆಸ್ಪತ್ರೆ ಖರ್ಚು ಬಿಲ್ ಇದ್ದಷ್ಟು. ಹಾಸಿಗೆ ಹಿಡಿದ ತಿಂಗಳುಗಳ ಸಂಬಳ. ನೋವಿಗೆ, ಬದುಕಿನ ಸುಖ ಕಳೆದುಕೊಂಡಿದ್ದಕ್ಕೆ ಒಂದಿಷ್ಟು. ಮುಂದೆ ರಾಡ್ ತೆಗೆಸುವ ಖರ್ಚು, ಇದನ್ನು ಡಾಕ್ಟರ್ ಹತ್ರ ಬರೆಸಿಕೊಳ್ಳಿ. ದೊಡ್ಡ ಮೊತ್ತ ಬರೋದು ಶಾಶ್ವತ ಊನದಿಂದ ಆಗುವ ಆದಾಯ ನಷ್ಟಕ್ಕೆ. ವಯಸ್ಸಿಗೆ ತಕ್ಕ ಗುಣಕ (ವರ್ಷದ ಆದಾಯವನ್ನು ಎಷ್ಟರಿಂದ ಗುಣಿಸಬೇಕು ಅನ್ನೋ ಸಂಖ್ಯೆ) 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿಯಲ್ಲಿದೆ, 26ರಿಂದ 30 ವರ್ಷಕ್ಕೆ 17. ಉದಾಹರಣೆಗೆ ಡಾಕ್ಟರ್ ಕಾಲಿಗೆ ಶೇ 36 ಊನ ಅಂತ ಬರೆದರು ಅಂದುಕೊಳ್ಳಿ. ನಮ್ಮ ಕಡೆ ಕೋರ್ಟುಗಳು ಸಾಮಾನ್ಯವಾಗಿ ಅದರಲ್ಲಿ ಮೂರನೇ ಒಂದು ಭಾಗ ಇಡೀ ದೇಹಕ್ಕೆ ಅಂತ ತಗೊಳ್ಳುತ್ತವೆ, ಅಂದರೆ ಶೇ 12. ತಿಂಗಳಿಗೆ 25 ಸಾವಿರದಂತೆ ವರ್ಷಕ್ಕೆ 3 ಲಕ್ಷ, ಗುಣಕ 17, ಅದರಲ್ಲಿ ಶೇ 12. ಒಟ್ಟು 6,12,000. ಮುಂದಿನ ಸಂಬಳ ಏರಿಕೆ ಅಂತ ಶೇ 40 ಸೇರಿಸಬೇಕು ಅನ್ನೋ ವಾದಕ್ಕೆ 2020ರ ಪಪ್ಪು ದೇವ್ ಯಾದವ್ ತೀರ್ಪು ಬಲ ಕೊಡುತ್ತೆ. ಅದು ಒಪ್ಪಿಗೆಯಾದರೆ 8,56,800. ಇದರ ಮೇಲೆ ಬಡ್ಡಿ.

ಆದರೆ ಇಲ್ಲಿ ಒಂದು ಕೊಕ್ಕೆ ಇದೆ. ಅವನು ವಾಪಸ್ ಅದೇ ಕೆಲಸಕ್ಕೆ ಅದೇ ಸಂಬಳಕ್ಕೆ ಹೋದರೆ "ನಷ್ಟ ಎಲ್ಲಿ" ಅಂತ ಕಂಪನಿ ವಕೀಲರು ಕೇಳ್ತಾರೆ. ಊನ ಎಷ್ಟು ಅನ್ನೋದಕ್ಕಿಂತ, ಆ ಊನದಿಂದ ಅವನ ಕೆಲಸಕ್ಕೆ ಎಷ್ಟು ಹೊಡೆತ ಬಿತ್ತು ಅಂತ ನೋಡಬೇಕು ಅಂತ 2011ರ ರಾಜ್ ಕುಮಾರ್ ತೀರ್ಪು. ನಿಮ್ಮ ತಮ್ಮ ಏಣಿ ಹತ್ತಿ ವೈರಿಂಗ್ ನೋಡುವವನು, ಮೇಜಿನ ಮುಂದೆ ಕೂರುವವನಲ್ಲ. ಅದನ್ನು ಅವನು ಕೆಲಸ ಮಾಡುವ ಕಡೆಯಿಂದ ಪತ್ರ ಬರೆಸಿ, ಬೇಕಿದ್ದರೆ ಮೇಲಿನವರನ್ನು ಸಾಕ್ಷಿಗೆ ಕರೆಸಿ. ಸಂಬಳ ಬ್ಯಾಂಕಿಗೆ ಬರುತ್ತಿತ್ತಾ? ಕೈಗೆ ಕೊಡುತ್ತಿದ್ದರೆ ಕೋರ್ಟು ಊಹೆಯ ಆದಾಯ ಹಿಡಿಯುತ್ತೆ, ಅದು 25 ಸಾವಿರಕ್ಕಿಂತ ಕಮ್ಮಿ ಇರೋದೇ ಜಾಸ್ತಿ.

ಹೇಮಾವತಿ ದಂಡೆ:
18 ಸಾವಿರ ಬ್ಯಾಂಕಿಗೆ, ಉಳಿದದ್ದು ಕೈಗೆ.

ಹಳೇ ಗುಮಾಸ್ತ:
ಹಾಗಾದರೆ ಮಾಲೀಕರ ಪತ್ರ, ಹಾಜರಿ ಪುಸ್ತಕ ಎರಡೂ ಬೇಕು. ಅವರು ಸಾಕ್ಷಿಗೆ ಬರಲ್ಲ ಅಂದರೆ 18ರ ಲೆಕ್ಕಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಕೇಸು ಹಾಸನದಲ್ಲೇ ಹಾಕಬಹುದು. ಅಪಘಾತ ನಡೆದ ಜಾಗ, ಅರ್ಜಿದಾರ ವಾಸ ಇರುವ ಜಾಗ, ಎದುರುದಾರ ಇರುವ ಜಾಗ, ಯಾವುದಾದರೂ ಸರಿ. ಗಡುವು ಆರು ತಿಂಗಳು. ಆ ಗಡುವು ಮೀರಿತು ಅನ್ನೋ ಒಂದೇ ಕಾರಣಕ್ಕೆ ಅರ್ಜಿ ವಜಾ ಮಾಡಬೇಡಿ ಅಂತ ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ಕೊಟ್ಟಿದೆ. ಮಧ್ಯಂತರ ಅಂದರೆ ಮಧ್ಯಂತರ. ಅದನ್ನು ನಂಬಿ ಕೂರಬೇಡಿ. ಎದುರುದಾರರ ಪಟ್ಟಿಯಲ್ಲಿ ಕಾರಿನ ಓನರ್, ಕಾರಿನ ಕಂಪನಿ, ಲಾರಿ ಓನರ್, ಲಾರಿ ಡ್ರೈವರ್, ಲಾರಿಯ ಕಂಪನಿ ಐವರೂ ಇರಬೇಕು.

ಆಸ್ಪತ್ರೆ ಗೇಟಲ್ಲಿ "ಬಂದದ್ದರಲ್ಲಿ ಇಷ್ಟು ಪರ್ಸೆಂಟ್" ಅನ್ನುವ ವಕೀಲರು ಸಿಗ್ತಾರೆ. ಫಲಿತಾಂಶಕ್ಕೆ ತಕ್ಕ ಫೀಸು ಗೊತ್ತು ಮಾಡೋದು ಬಾರ್ ಕೌನ್ಸಿಲ್ ನಿಯಮಕ್ಕೇ ವಿರುದ್ಧ. ಹಿಂದಿನ ಸೀಟಿನ ಹುಡುಗಿಗೆ ಒಂದು ಮಾತು ತಿಳಿಸಿ: ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವೆಗಳ ಪ್ರಾಧಿಕಾರದಿಂದ ವಕೀಲರು ಉಚಿತ. 15100ಕ್ಕೆ ಫೋನ್ ಮಾಡಲಿ.

ಗೊರೂರು ಗಾಳಿ:
ಮತ್ತೆ ಆ್ಯಪ್‌ನವರು? ಕಮಿಷನ್ ತಗೊಂಡು ವೇದಿಕೆ ಅಂದುಬಿಟ್ರೆ ಆಯ್ತಾ?

ಪ್ರೀಮಿಯಂ ಅಕ್ಕ:
ಅಷ್ಟು ಸುಲಭಕ್ಕೆ ಬಿಡಬೇಕಿಲ್ಲ, ಆದರೆ ಅವರ ಮೇಲೆ ಭಾರ ಹಾಕಿ ಕೂರಲೂಬೇಡಿ. ಕೇಂದ್ರದ 2020ರ ಮಾರ್ಗಸೂಚಿಯಲ್ಲಿ ಖಾಸಗಿ ಕಾರಲ್ಲಿ ಪೂಲ್ ಮಾಡಲು ಒಂದು ಮಿತಿ ಇತ್ತು. ಊರೊಳಗೆ ದಿನಕ್ಕೆ 4, ಊರಿಂದೂರಿಗೆ ವಾರಕ್ಕೆ 2 ಟ್ರಿಪ್, ಕೂತವರಿಗೆ ಕನಿಷ್ಠ 5 ಲಕ್ಷದ ವಿಮೆ. ಆದರೆ ರಾಜ್ಯ ಬೇಡ ಅಂತ ನಿಷೇಧಿಸದಿದ್ದರೆ ಮಾತ್ರ. ನಮ್ಮಲ್ಲಿ ಇರೋದು ಟ್ಯಾಕ್ಸಿ ಆ್ಯಪ್‌ಗಳ 2016ರ ನಿಯಮ. ಅನುಮತಿ ಇಲ್ಲದೆ ಬಿಳಿ ಬೋರ್ಡನ್ನು ದುಡ್ಡಿಗೆ ಓಡಿಸೋ ಹಾಗಿಲ್ಲ ಅಂತ ಸಾರಿಗೆ ಇಲಾಖೆ 2023ರಲ್ಲೇ ಹೇಳಿದೆ.

ಮಾಡಬೇಕಾದ್ದು ಇಷ್ಟು. ಬುಕಿಂಗ್, ಚಾಟ್, ಡ್ರೈವರ್ ಪ್ರೊಫೈಲ್, ಅವರು ಹಿಂದೆ ಎಷ್ಟು ಟ್ರಿಪ್ ಮಾಡಿದ್ದಾರೆ ಅನ್ನೋದು, ಎಲ್ಲದರ ಸ್ಕ್ರೀನ್‌ಶಾಟ್ ಈಗಲೇ ತೆಗೆಯಿರಿ. ಅಕೌಂಟ್ ಬಂದ್ ಆದರೆ ಏನೂ ಸಿಗಲ್ಲ. ಪ್ರಯಾಣಿಕರಿಗೆ ಗುಂಪು ವಿಮೆ ಇದೆಯಾ ಅಂತ ಮೇಲ್‌ನಲ್ಲಿ ನೇರವಾಗಿ ಕೇಳಿ, ಹೌದು ಅಥವಾ ಇಲ್ಲ ಅಂತ ಉತ್ತರ ಬರಲಿ. ಟ್ರಿಬ್ಯುನಲ್‌ನಲ್ಲಿ ಅವರನ್ನೂ ಎದುರುದಾರರನ್ನಾಗಿ ಮಾಡಬೇಕಾ ಅಂತ ವಕೀಲರು ತೀರ್ಮಾನಿಸಲಿ. ಸೇವಾ ನ್ಯೂನತೆ ಅಂತ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗೋಕೆ ಎರಡು ವರ್ಷ ಟೈಮಿದೆ, ನೀವು ಇರುವ ಊರಲ್ಲೇ ದೂರು ಕೊಡಬಹುದು.

ಹೇಮಾವತಿ ದಂಡೆ:
ಅಪ್‌ಡೇಟ್. ಪೊಲೀಸರು ಬಂದು ಹೇಳಿಕೆ ತಗೊಂಡರು. ತಮ್ಮ ಇದ್ದದ್ದು ಇದ್ದ ಹಾಗೆ ಹೇಳಿದ. ಆ್ಯಪ್, 450, ಲಾರಿಗೆ ಲೈಟಿಲ್ಲದ್ದು, ಎಲ್ಲಾ. ಓದಿ ನೋಡಿ, ಒಂದು ಕಡೆ "ಸ್ನೇಹಿತನ ಕಾರಿನಲ್ಲಿ" ಅಂತ ಬರೆದುಕೊಂಡಿದ್ದನ್ನ ಹೊಡೆಸಿ ಸರಿ ಮಾಡಿಸಿದೆ. ಯಾರು ಹೇಳಿದ್ದೋ ಅದನ್ನ! ವಿಡಿಯೋ ಪೆನ್‌ಡ್ರೈವಲ್ಲಿ ಕೊಟ್ಟು ಸ್ವೀಕೃತಿ ತಗೊಂಡೆವು. ಲಾರಿ ಪಾಲಿಸಿ ಚಾಲ್ತಿಯಲ್ಲಿದೆ, ಎಂ-ಪರಿವಾಹನ್‌ನಲ್ಲಿ ನೋಡಿದೆ.

ಓನರ್‌ಗೆ ಪಾಲಿಸಿ ವಿಷಯ ಹೇಳಿದೆ. ಮೂರು ವರ್ಷ ಇದೆಯಲ್ಲ ಅಂತಲೇ ವಾದ ಮಾಡಿದರು, ಆಮೇಲೆ ಆಫೀಸಿಗೆ ಫೋನ್ ಮಾಡಿ ಕೇಳಿ ಸುಮ್ಮನಾದರು. ಅವರ ಕಾರಿನ ರಿಪೇರಿಯೂ ಈಗ ಅವರದ್ದೇ. ಸ್ವಲ್ಪ ಕೋಪ ಇದೆ ನಮ್ಮ ಮೇಲೆ. ಲಾರಿಯವನ ಮೇಲೆ ತಾವೂ ಹೇಳಿಕೆ ಕೊಡ್ತೀನಿ ಅಂದಿದ್ದಾರೆ.

ಹಳೇ ಗುಮಾಸ್ತ:
ಒಳ್ಳೆಯ ಕೆಲಸ ಮಾಡಿದ್ರಿ. ಮಹಜರು, ನಕ್ಷೆ, ಗಾಯದ ಪ್ರಮಾಣಪತ್ರ, ಬ್ರೇಕ್ ಇನ್‌ಸ್ಪೆಕ್ಟರ್ ವರದಿ ಇವುಗಳ ದೃಢೀಕೃತ ಪ್ರತಿಗೆ ವಕೀಲರ ಮೂಲಕ ಅರ್ಜಿ ಹಾಕಿಸಿ. ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿ, 90 ದಿನದೊಳಗೆ ವಿವರ ವರದಿ ಟ್ರಿಬ್ಯುನಲ್‌ಗೆ ಕೊಡಬೇಕು ಅಂತ 2022ರಿಂದ ನಿಯಮ ಇದೆ. ಕೇಳ್ತಾ ಇರಿ, ಕೇಳದಿದ್ದರೆ ತಡ ಆಗುತ್ತೆ.

ಗೊರೂರು ಗಾಳಿ:
ಮಧ್ಯೆ ನನ್ನದೊಂದು. ನಾನು ದಿನಾ ನನ್ನ ಕಾರಲ್ಲಿ ಹಾಸನದ ಆಫೀಸಿಗೆ ಇಬ್ಬರು ಸಹೋದ್ಯೋಗಿಗಳನ್ನ ಕೂರಿಸಿಕೊಂಡು ಹೋಗ್ತೀನಿ. ತಿಂಗಳ ಕೊನೆಗೆ ಪೆಟ್ರೋಲ್ ಹಂಚ್ಕೋತೀವಿ. ನಂದೂ ಬಾಡಿಗೆನಾ?

ಪ್ರೀಮಿಯಂ ಅಕ್ಕ:
ಗೊತ್ತಿರುವವರು ಲಾಭ ಇಲ್ಲದೆ ಪೆಟ್ರೋಲ್ ಹಂಚಿಕೊಳ್ಳೋದಕ್ಕೂ, ಆ್ಯಪ್‌ನಲ್ಲಿ ಗುರುತಿಲ್ಲದವರಿಗೆ ಸೀಟಿಗಿಷ್ಟು ಅಂತ ಮಾರೋದಕ್ಕೂ ವ್ಯತ್ಯಾಸ ಇದೆ. ಕಂಪನಿ ಕೆದಕಲ್ಲ ಅಂತ ಬರೆದುಕೊಡೋಕೆ ಆಗಲ್ಲ, ಆದರೆ ನಿಮ್ಮ ವಾದ ಗಟ್ಟಿ. ಪೆಟ್ರೋಲ್ ಬಿಲ್ ಇಟ್ಟುಕೊಳ್ಳಿ. ನಿಮ್ಮ ಕಾರು ಯಾವ ವರ್ಷದ್ದು? ಪಾಲಿಸಿ ತೆಗೆದು ಓನ್ ಡ್ಯಾಮೇಜ್ ಕಾಲಂನ ಕೊನೆಯ ದಿನಾಂಕ ನೋಡಿ ಹೇಳಿ.

ಗೊರೂರು ಗಾಳಿ:
ತೆಗೆದು ನೋಡಿದೆ. ಹೋದ ತಿಂಗಳೇ ಮುಗಿದಿದೆ.

ಪ್ರೀಮಿಯಂ ಅಕ್ಕ:
ನಾಳೆ ಅವರಿಬ್ಬರಿಗೂ ಬಸ್ಸಲ್ಲಿ ಬರೋಕೆ ಹೇಳಿ. ಮುಗಿದು ಇಷ್ಟು ದಿನ ಆಗಿರೋದರಿಂದ ಕಾರು ತಪಾಸಣೆ ಕೇಳ್ತಾರೆ, ಆರ್‌ಸಿ ಜೊತೆಗಿರಲಿ. ರಿನ್ಯೂ ಮಾಡಿಸುವಾಗ ಒಳಗೆ ಕೂತವರ ಅಪಘಾತ ವಿಮೆಯನ್ನೂ ಸೇರಿಸಿ ಅನ್ನಿ, ಕೇಳದಿದ್ದರೆ ಹಾಕಲ್ಲ.